ಪುಟ ನಲವತ್ತೊಂದು

ಮಾಗಡಿ ರಸ್ತೆಯ ಬಿ.ಎಡ್. ಕಾಲೇಜು, ಮೂರನೇ ಮಹಡಿ.
ಮೆಟ್ರೋ ಹಾದಾಗಲೆಲ್ಲ ಚಾಕ್‌ಪೀಸ್ ಡಬ್ಬಿ ಸಣ್ಣಗೆ ನಡುಗುತ್ತದೆ.
ಬೇಸಿಗೆ ರಜೆ. ಕಡ ತಂದ ಸ್ಕ್ಯಾನರು, ನಾನು,
ಹತ್ತೊಂಬತ್ತು ವರ್ಷ ಹಾಡಿದ್ದೇ ಹಾಡಿದ ನೋಟ್ಸು.
ಪ್ರಿನ್ಸಿಪಾಲರ ಚೀಟಿಯಲ್ಲಿ ಒಂದೇ ಮಾತು:
ಗಣಿತ ಬೋಧನೆ, ಪೂರ್ತಿ ಕೋರ್ಸು,
ಜೂನ್‌ನಿಂದ ಎಲ್ಲರಿಗೂ ಬಿಟ್ಟಿ.

ಬಿಟ್ಟಿ ಹೊಡೆದುಹಾಕಿದೆ. ಚಾಕರಿಯ ವಾಸನೆ ಅದಕ್ಕೆ.
ಉಚಿತ ಎಂದು ಬರೆದೆ:
ದುಡ್ಡು ಬೇಡದ್ದು, ತಕ್ಕದ್ದು ಕೂಡ.
ಕೆಳಗೆ ಜೆರಾಕ್ಸ್ ಅಂಗಡಿಯ ನವಾಜಣ್ಣ
"ನಮ್ಮ ಹೊಟ್ಟೆ ಮೇಲೆ ಹೊಡೀತೀರಾ ಮೇಡಂ" ಅಂದ, ನಕ್ಕ.
ನಗು ಅರ್ಧಕ್ಕೇ ನಿಂತಿತು.

ಸುಲಭ ಅಂದುಕೊಂಡಿದ್ದೆ.
ಎಲ್ಲರಿಗೂ ಕೊಡುವ ಮುಂಚೆ
ಸಾಲುಸಾಲನ್ನೂ ನಿಲ್ಲಿಸಿ ಕೇಳಬೇಕಂತೆ: ನೀನು ಯಾರ ಪೈಕಿ?
ಗೈಡಿನಿಂದ ಕತ್ತರಿಸಿದ್ದ ಚಿತ್ರ ತಲೆ ತಗ್ಗಿಸಿತು.
ವ್ಯಾಖ್ಯಾನಗಳು ಜಸಿಂತಾ ಮೇಡಂ ಕೊಟ್ಟಿದ್ದು,
ಅವರಿಗೆ ಇನ್ಯಾರೋ; ಕಾರ್ಬನ್ನಿನಿಂದ ಕಾರ್ಬನ್ನಿಗೆ ಇಳಿದು
ಮೂಗು ಬಾಯಿ ಸವೆದುಹೋಗಿದ್ದವು.
ನೂರ ಎಂಬತ್ತು ಪುಟಗಳಲ್ಲಿ
ಎದೆ ಮುಟ್ಟಿ ನನ್ನದೆನ್ನಬಹುದಾದ್ದು ಇಪ್ಪತ್ತೂ ಇಲ್ಲ.

ನಲವತ್ತೊಂದಕ್ಕೆ ಬಂದೆ. ಭಿನ್ನರಾಶಿ.
ವಠಾರಕ್ಕೆ ಒಂದೇ ನಲ್ಲಿ. ಎಂಟು ಮನೆ.
ನೀರು ಬರುವ ಹೊತ್ತು ಎಂಟು ಪಾಲು.
ಒಂಬತ್ತನೆಯವರು ಬಾಡಿಗೆಗೆ ಬಂದರು.
ಒಂಬತ್ತು ಎಂಟಕ್ಕಿಂತ ದೊಡ್ಡದು, ಸರಿ;
ನಿಮ್ಮ ಬಿಂದಿಗೆ ಯಾಕೆ ತುಂಬಲಿಲ್ಲ?

ಇದನ್ನು ಕೇಳಿ ಹನ್ನೊಂದು ಬ್ಯಾಚು ಆಹಾ ಅಂದಿದೆ.
ಚಪ್ಪಾಳೆ ನಾನು ತೆಗೆದುಕೊಂಡಿದ್ದೇನೆ.
ಪಾಠ ದ್ರಾಕ್ಷಾಯಿಣಿಯದು.
ಗೋಪಾಲಪುರದ ಸರ್ಕಾರಿ ಶಾಲೆ, ಆರನೇ ತರಗತಿ,
ಪಾಠಾಭ್ಯಾಸದ ನಾಲ್ಕನೇ ದಿನ.
ಹಿಂದಿನ ಬೆಂಚಿನಲ್ಲಿ ಕೂತು ಕೆಂಪು ಇಂಕಿನಲ್ಲಿ ಬರೆದಿದ್ದೆ:
ಪುಸ್ತಕದ ಉದಾಹರಣೆ ಬಳಸಿ. ಅರ್ಧ ಅಂಕ ಕಡಿತ.
ಮರುವರ್ಷ ಅದೇ ನಲ್ಲಿ ನನ್ನ ಬಾಯಲ್ಲಿ ಸುರಿಯತೊಡಗಿತು.

ಹುಡುಕಿದೆ. ಯಾವ ಶಾಲೆಯಲ್ಲೂ ಇರಲಿಲ್ಲ.
ಸುಂಕದಕಟ್ಟೆ ಬಸ್ಸಿನಲ್ಲಿದ್ದಳು, ಖಾಕಿ ಹಾಕಿ,
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ಹತ್ತರ ನೋಟು.
ಚಿಲ್ಲರೆಯ ಜೊತೆಗೆ ವಿಷಯವನ್ನೂ ಕೊಟ್ಟೆ.

ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನ ತನಕ ಏನೂ ಹೇಳಲಿಲ್ಲ.
ಆಮೇಲೆ, "ಒಂಬತ್ತನೇ ಮನೆ ನಮ್ಮದು ಮೇಡಂ.
ಅಮ್ಮ ಬಿಂದಿಗೆ ಇಟ್ರೆ ಕಾಲಲ್ಲಿ ತಳ್ಳೋರು.
ಅದನ್ನ ಪಾಠದಲ್ಲಿ ಹೇಳಿರ್ಲಿಲ್ಲ."

ಹಾಕಿಕೊಳ್ಳಲಾ, ಅಂದೆ.
"ಹಾಕಿ. ಬೇಕಾದೋರು ಓದ್ಲಿ, ತಿದ್ಲಿ.
ನನ್ನ ಹೆಸರು ಮಾತ್ರ ತಿದ್ಬೇಡಿ. ದಾ ಅಲ್ಲ,
ದ್ರಾಕ್ಷಿಯ ದ್ರಾ. ಮಾರ್ಕ್ಸ್‌ಕಾರ್ಡಲ್ಲಿ ಹಂಗೇ ಇದೆ."
ಮುಂದೇನು ಬರೆಯಲಿ, ಶಿಕ್ಷಕಿ ಅಂತಲಾ?
"ಕಂಡಕ್ಟರ್ ಅಂತ್ಲೇ ಬರೀರಿ.
ಎಷ್ಟು ಜನ ನೋಡ್ತಾರೆ ಇದನ್ನ?"
ಎಷ್ಟು ಜನವಾದರೂ.
"ಹಂಗಾದ್ರೆ ತಲೆಗೆಷ್ಟು ಬಂತು ಪಾಲು?"
ಉತ್ತರಕ್ಕೆ ಕಾಯಲಿಲ್ಲ. ವಿಸಿಲ್ ಊದಿ
ಹಿಂದಿನ ಬಾಗಿಲಿಗೆ ನಡೆದಳು. ನಾನು
ಇಳಿಯುವ ಸ್ಟಾಪು ದಾಟಿಯೂ ಲೆಕ್ಕ ಹಾಕುತ್ತಿದ್ದೆ.

ರಾತ್ರಿ ಕೂತು ಟೈಪು ಮಾಡಿದೆ:
ಎಂ. ದ್ರಾಕ್ಷಾಯಿಣಿ, ಕಂಡಕ್ಟರ್.
ಅಡಿಯಲ್ಲಿ, ನಿಯಮದಲ್ಲಿ ಜಾಗವೇ ಇಲ್ಲದ ಒಂದು ಸಾಲು:
ಹಿಂದೆ ಕಳೆದಿದ್ದ ಅರ್ಧ ಅಂಕ ಕೂಡಿಸಲಾಗಿದೆ.

ಜೂನ್ ಮೊದಲ ವಾರ ನವಾಜಣ್ಣನ ಅಂಗಡಿ ಮುಂದೆ
ಮೂವರು ಹುಡುಗಿಯರು, ಹೊಸ ಬ್ಯಾಚು,
ಮೊಬೈಲಿನಿಂದ ಅದೇ ಪುಟ ಪ್ರಿಂಟು ಹಾಕಿಸುತ್ತಿದ್ದರು.
ಓದೋಕೆ ಕಣ್ಣು ನೋಯುತ್ತಂತೆ. ಪುಟಕ್ಕೆ ಎರಡು ರೂಪಾಯಿ.
ಅವನು ನನ್ನ ಕಡೆ ನೋಡಿ ಪೂರ್ತಿ ನಕ್ಕ.
ನನಗೂ ಒಂದು ಹಾಕಪ್ಪ, ಅಂದೆ.